ಹಗಲು ಚಂದ್ರನ ಪಾಠ

ಚಂದ್ರನ ಪಾಠವನ್ನು ಶಾಲೆಯ ಹೊತ್ತಿನಲ್ಲಿ, ಸುಡು ಬಿಸಿಲಿನಲ್ಲಿ ಹೇಳಿ ಮುಗಿಸಬೇಕು ಎಂದು ತೀರ್ಮಾನ ಮಾಡಿದ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಟ್ಟಿಯ ಶಾಲೆಗೆ ಟೀಚರಾಗಿ ಹೋದಾಗ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಆಕಾಶದ ಪಾಠವೊಂದಿತ್ತು. ಚಂದ್ರ ಬೆಳೆಯುವ, ಕರಗುವ ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಅಚ್ಚಿನ ಮಸಿ ಹರಡಿಕೊಂಡು ಅಮಾವಾಸ್ಯೆ ಯಾವುದು, ಹುಣ್ಣಿಮೆ ಯಾವುದು ಎಂದು ಮೇಷ್ಟ್ರಿಗೇ ತಿಳಿಯುವಂತಿರಲಿಲ್ಲ. ‘ಇದು ಚಂದ್ರ’ ಎಂದು ತೋರಿಸಿದರೆ ಮಕ್ಕಳು ‘ಸೀದ ರೊಟ್ಟಿ ಮೇಡಂ’ ಎಂದು ನಗುತ್ತಿದ್ದವು. ನನಗೂ ಹಾಗೇ ಕಾಣುತ್ತಿತ್ತು.

ಮುಂದೆ ನನ್ನ ನೌಕರಿಯ ಕೊನೆಕೊನೆಗೆ ಆ ಪಾಠ ಬಂದರೆ ಒಬ್ಬರಿಂದ ಗಟ್ಟಿಯಾಗಿ ಓದಿಸಿ ಪುಸ್ತಕ ಮುಚ್ಚಿಸಿಬಿಡುತ್ತಿದ್ದೆ. ಪ್ರಶ್ನೆ ಕೇಳಲು ಕೈ ಎತ್ತಿದವರನ್ನು ನೋಡದ ಹಾಗೆ ಲೆಕ್ಕದ ಪಾಠಕ್ಕೆ ಹೋಗುತ್ತಿದ್ದೆ. ಮಕ್ಕಳು ಆಕಾಶ ನೋಡುವುದು ಬೇಡ ಎಂದಲ್ಲ. ನನಗೆ ಆಗುತ್ತಿರಲಿಲ್ಲ, ಅಷ್ಟೆ.

ಮೊದಲು ಹಾಗಿರಲಿಲ್ಲ. ನಾನು ಚಳ್ಳಕೆರೆ ಪೇಟೆಯಲ್ಲಿ ಎಣ್ಣೆ ಮಿಲ್ಲುಗಳ ಮಗ್ಗುಲಲ್ಲೇ ಬೆಳೆದವಳು. ಮಿಲ್ಲಿನ ಲೈಟು, ಹೊಗೆ, ಲಾರಿಯ ಧೂಳಿನ ನಡುವೆ ಚಂದ್ರ ಇದ್ದಾನೆ ಎಂದು ನೆನಪಾಗುತ್ತಿದ್ದುದು ಹಬ್ಬಕ್ಕೆ ಮಾತ್ರ. ನೌಕರಿ ಸಿಕ್ಕಿ ಮೊಳಕಾಲ್ಮೂರಿನಲ್ಲಿ ನೇಕಾರರೊಬ್ಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದೆ. ಬೆಳಿಗ್ಗೆ ಮಗ್ಗದ ಸದ್ದಿಗೆ ಎದ್ದು, ಸಿಕ್ಕ ಬಸ್ಸು ಹತ್ತಿ, ತಿರುವಿನಲ್ಲಿಳಿದು, ಸಿದ್ದಾಪುರದ ಕಡೆಯ ಬಂಡೆಗುಡ್ಡಗಳನ್ನು ಬಳಸಿಕೊಂಡು ನಡೆದರೆ ಶಾಲೆ. ಎರಡು ಕೋಣೆ, ಮುಂದೊಂದು ಪಡಸಾಲೆ. ಹೆಡ್ಮಾಸ್ಟರು ವಾರದಲ್ಲಿ ಅರ್ಧ ಮೀಟಿಂಗಿನಲ್ಲೇ ಇರುತ್ತಿದ್ದರು. ಮಕ್ಕಳೆಲ್ಲ ಕುರಿ ಕಾಯುವವರ, ಕೂಲಿಗೆ ಹೋಗುವವರ ಮಕ್ಕಳು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಶಾಲೆಯಲ್ಲಿ ಎರಡನ್ನೂ ಕಲಸಿ ನನಗೆ ಬಡಿಸುತ್ತಿದ್ದವು.

ಪುಸ್ತಕ ಬದಿಗಿಟ್ಟು ಒಂದು ಉಪಾಯ ಮಾಡಿದೆ. ಹೊತ್ತು ಮುಳುಗಿದ ಮೇಲೆ ಎಲ್ಲರೂ ಆಕಾಶ ನೋಡಬೇಕು. ಬೆಳಿಗ್ಗೆ ಬಂದು ಕಂಡದ್ದನ್ನು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಚೌಕ ಗೀಚಿಕೊಟ್ಟೆ. ಅಮಾವಾಸ್ಯೆಯ ಮರುದಿನ ಒಬ್ಬ ಹುಡುಗ ಖಾಲಿ ಚೌಕದ ಮುಂದೆ ಕೈಕಟ್ಟಿ ಕೂತಿದ್ದ.

‘ಯಾಕೋ ಬರೆದಿಲ್ಲ?’

‘ಬರೆದೀನಿ ಮೇಡಂ. ನಿನ್ನೆ ಏನೂ ಇರಲಿಲ್ಲ.’

ಅವನಿಗೆ ಪೂರ್ತಿ ಅಂಕ ಕೊಟ್ಟೆ. ಬಿದಿಗೆಯ ಎಳೆಚಂದ್ರ ಕಂಡ ದಿನ ಇನ್ನೊಂದು ರಗಳೆ. ಆ ಕಡೆ ಎಳೆಚಂದ್ರ ಕಂಡರೆ ಉಟ್ಟ ಬಟ್ಟೆಯ ಅಂಚಿನಿಂದ ನೂಲೊಂದನ್ನು ಕಿತ್ತು ಅವನ ಕಡೆ ಊದುವುದು ರೂಢಿ. ಹಳೆಯದು ತಗೋ, ಹೊಸದು ಕೊಡು ಎಂದು ಕೇಳಿಕೊಳ್ಳುತ್ತಾರೆ. ನಾನು ನೋಡಿ ಎಂದಿದ್ದೇ ತಡ, ಮಕ್ಕಳು ಲಂಗ, ಅಂಗಿಗಳ ಅಂಚನ್ನೆಲ್ಲ ಕಿತ್ತುಕೊಂಡು ಬಂದಿದ್ದವು. ತಾಯಂದಿರು ಶಾಲೆಯವರೆಗೂ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ‘ಹೊಸಾ ಬಟ್ಟೆ ನೀವು ಕೊಡಿಸ್ತೀರಾ ಮೇಡಮ್ಮ?’ ಎಂದು ಒಬ್ಬಳು ಕೇಳಿದಳು. ನಕ್ಕುಬಿಟ್ಟೆ. ಆಗಿನ್ನೂ ನಗುತ್ತಿದ್ದೆ.

ಚಂದ್ರ ದಪ್ಪಗಾಗುತ್ತ ಬಂದ ಹಾಗೆ ಪಡಸಾಲೆಯ ತುಂಬ ಚಿತ್ರ. ಎಲ್ಲರ ಚೌಕದಲ್ಲೂ ಚಂದ್ರನ ಸುತ್ತ ನಕ್ಷತ್ರಗಳು ಕಿಕ್ಕಿರಿದಿದ್ದವು. ಒಂದು ಹುಡುಗಿಯ ಚೌಕದಲ್ಲಿ ಮಾತ್ರ ಬರೀ ಚಂದ್ರ, ಅದೂ ದೊಡ್ಡದಾದ ಮೇಲಷ್ಟೇ ತಾನೇ ನೋಡಿ ಬರೆದದ್ದು. ಎಳೆಚಂದ್ರನ ದಿನಗಳಲ್ಲಿ ಪಕ್ಕದವಳ ಚೌಕ ನೋಡಿ ಬರೆದಿದ್ದಳು ಎಂಬುದು ನನಗೆ ಗೊತ್ತಾಗಿತ್ತು. ಕುರಿ ಮಂದೆಯವರ ಮಗಳು. ಓದಿನಲ್ಲಿ ಎಲ್ಲರಿಗಿಂತ ಮುಂದು, ಬಾಯಿಲೆಕ್ಕದಲ್ಲಿ ನನ್ನನ್ನೇ ಮೀರಿಸುವವಳು. ಅಂಥವಳು ಕದ್ದು ಬರೆಯುವುದೆಂದರೇನು ಎಂದು ನನಗೆ ಸಿಟ್ಟು ಬಂತು.

‘ನಕ್ಷತ್ರ ಎಲ್ಲಿ?’ ಎಂದೆ.

ಅವಳು ಎಲ್ಲರ ಚೌಕಗಳನ್ನೂ ನೋಡಿ, ಮೆಲ್ಲಗೆ ಕೇಳಿದಳು: ‘ಅವು ನಿಜವಾಗ್ಲೂ ಐದಾವಾ ಮೇಡಂ? ಚೆಂದ ಕಾಣ್ಲಿ ಅಂತ ಬರೀತಾರೆ ಅಂದ್ಕಂಡಿದ್ದೆ.’

ಕ್ಲಾಸು ಗೊಳ್ಳೆಂದು ನಕ್ಕಿತು. ‘ಅವಳಿಗೆ ಇರುಳುಗಣ್ಣು ಮೇಡಂ, ಸಂಜಿ ಆದ್ರೆ ಕುರಿಮರಿ ಮೇಲೆ ಬೀಳ್ತಾಳೆ’ ಎಂದ ಹಿಂದಿನ ಸಾಲಿನವನೊಬ್ಬ. ಅವಳೂ ನಕ್ಕಳು. ಅಷ್ಟು ಚುರುಕಿನ ಮಗು, ನಕ್ಷತ್ರಗಳನ್ನು ಚಿತ್ರ ಬರೆಯುವವರ ಹುಸಿ ಅಂದುಕೊಂಡು ಎಂಟು ವರ್ಷ ಬೆಳೆದಿತ್ತು.

ಅವತ್ತು ಸಂಜೆ ಹಟ್ಟಿಯಲ್ಲೇ ಉಳಿದೆ. ಹೊತ್ತು ಗುಡ್ಡದ ಹಿಂದೆ ಇಳಿದು ಬೆಳಕು ಮಬ್ಬಾದಾಗ ಕುರಿಗಳು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ, ಬಂದವು. ಮರಿಗಳನ್ನು ಬೇರೆ ಕೂಡುವುದು ಅವಳ ಕೆಲಸ. ಮರಿಯ ಕೂಗಿಗೆ ಕಿವಿಗೊಟ್ಟು, ಕಾಲಲ್ಲೇ ನೆಲ ತಡವರಿಸುತ್ತ, ಒಂದೊಂದನ್ನೇ ಹಿಡಿದು ಒಳಗೆ ಬಿಡುತ್ತಿದ್ದಳು. ನಾನು ಎದುರಿಗೇ ನಿಂತು ಕೈ ಬೀಸಿದೆ. ನನ್ನ ಪಕ್ಕದಲ್ಲೇ ಹಾದುಹೋದಳು. ಉಳಿದವರಿಗೆ ಇನ್ನೂ ಬೇಲಿಯ ಮುಳ್ಳು ಕಾಣುವಷ್ಟು ಬೆಳಕಿತ್ತು.

ಅವಳವ್ವ ಒಲೆಯ ಮುಂದೆ ಕೂತಿದ್ದಳು. ನನಗಿಂತ ಚಿಕ್ಕವಳು, ಮಾತಿನಲ್ಲಿ ಮಾತ್ರ ನನ್ನನ್ನು ಮಾರಿ ಬರುವಂಥವಳು. ‘ಗೊತ್ತೈತೆ ಬಿಡ್ರಿ ಮೇಡಮ್ಮ. ಹಬ್ಬಕ್ಕೆ ಮರಿ ಕೊಯ್ದಾಗೆಲ್ಲ ಕಾರ್ಜ ಸುಟ್ಟು ಇವಳಿಗೇ ಇಟ್ಟೀವಿ. ಗಂಡಸ್ರಿಗೂ ಕೊಟ್ಟಿಲ್ಲ’ ಎಂದಳು. ಲಿವರನ್ನು ಅಲ್ಲಿ ಕಾರ್ಜ ಅನ್ನುತ್ತಾರೆ. ಇರುಳುಗಣ್ಣಿಗೆ ಅದೇ ಮದ್ದು ಎಂದು ನಾನೂ ಟ್ರೈನಿಂಗಿನಲ್ಲಿ ಓದಿದ್ದೆ, ಪೌಷ್ಟಿಕಾಂಶದ ಕೊರತೆ ಎಂದು ಪರೀಕ್ಷೆಯಲ್ಲೂ ಬರೆದಿದ್ದೆ. ಹಾಗಾಗಿ ಧೈರ್ಯ ಹೇಳಿದೆ. ಆಸ್ಪತ್ರೆಯಿಂದ ಎಣ್ಣೆಯಂಥ ಔಷಧಿ ತಂದು ನಾನೇ ಕುಡಿಸಿದೆ. ನುಗ್ಗೆ ಸೊಪ್ಪು ತಿನ್ನಿಸಿ ಎಂದೆ. ತಿಂಗಳಾಯಿತು, ಎರಡು ತಿಂಗಳಾಯಿತು, ನಕ್ಷತ್ರ ಮಾತ್ರ ಬರಲಿಲ್ಲ. ಬೆಳಿಗ್ಗೆ ಶಾಲೆಗೆ ಬಂದವಳೇ ನನ್ನ ಮುಖ ನೋಡಿ ಇಲ್ಲವೆಂದು ತಲೆ ಆಡಿಸುತ್ತಿದ್ದಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ.

ಕೊನೆಗೆ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿದರು. ಹೊರಗೆ ಬಂದು, ‘ಗಂಡ ಹೆಂಡತಿ ಮೊದಲೇ ಸಂಬಂಧಿಕರಾ?’ ಎಂದು ಕೇಳಿದರು. ಅವ್ವ ಹೆಮ್ಮೆಯಿಂದಲೇ ಹೇಳಿದಳು: ‘ಹೂಂ ಸಾರ್. ನಮ್ಮವ್ವನ ಸ್ವಂತ ತಮ್ಮಂಗೇ ನನ್ನ ಕೊಟ್ಟಿದ್ದು. ಹೊರಗಿನೋರಲ್ಲ.’ ಡಾಕ್ಟರು ಆಮೇಲೆ ಅವಳ ಕಡೆ ನೋಡಲಿಲ್ಲ, ಉಳಿದದ್ದನ್ನೆಲ್ಲ ನನಗೆ ಹೇಳಿದರು. ಕಣ್ಣಿನ ಒಳಗಿನ ಪರದೆ ಅಂಚಿನಿಂದ ಸಾಯುತ್ತ ಬರುತ್ತದೆ. ಮೊದಲು ಕತ್ತಲೆಯಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ಕೊನೆಗೆ ನಡುವಿನದೂ ಉಳಿಯದಿರಬಹುದು. ಮದ್ದಿಲ್ಲ. ರಕ್ತಸಂಬಂಧದಲ್ಲೇ ಕೊಟ್ಟು ತಂದು ಮಾಡಿದರೆ ಹುಟ್ಟುವ ಮಕ್ಕಳಿಗೆ ಹೀಗಾಗುವುದು ಹೆಚ್ಚು, ಮುಂದೆ ಇವಳನ್ನು ಮನೆಯವರಿಗೇ ಕೊಡಬೇಡಿ ಎಂದು ಅವಳವ್ವನಿಗೆ ಹೇಳಿ ಎಂದರು.

ಹೇಳಬೇಕಾದವಳು ನಾನು. ರಾಂಪುರದಲ್ಲಿ ಬಸ್ಸು ನಿಂತಾಗ ಹುಡುಗಿಯನ್ನು ಸೀಟಿನಲ್ಲೇ ಕೂರಿಸಿ, ಅವ್ವನನ್ನು ಕೆಳಗಿಳಿಸಿ, ಟೀ ಅಂಗಡಿಯ ಮರೆಯಲ್ಲಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಟೀ ಕುಡಿದು ಲೋಟ ಕೆಳಗಿಟ್ಟು, ‘ಪೂರ್ತಿ ಹೋಗ್ತೈತಾ?’ ಎಂದಳು. ಹೋಗಬಹುದು ಎಂದೆ. ‘ಯಾರಿಗೂ ಹೇಳಬ್ಯಾಡ್ರಿ’ ಎಂದಳು. ಅಷ್ಟೇ. ಬಸ್ಸಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಮೊಳಕಾಲ್ಮೂರು ಬರುವವರೆಗೂ ಅವಳು ಕೂದಲು ಸವರುತ್ತ ಕೂತಿದ್ದಳು. ಆಕೆಗೆ ಸಂಬಂಧದ ಮಾತು ಅರ್ಥವಾಗಿದೆ ಎಂದೇ ನಾನು ತಿಳಿದೆ.

ಆಮೇಲೆ ನನಗೊಂದು ಹಟ ಹಿಡಿಯಿತು. ಕಣ್ಣಿರುವಷ್ಟು ದಿನ ಈ ಹುಡುಗಿಗೆ ಏನೆಲ್ಲ ತೋರಿಸಲು ಸಾಧ್ಯವೋ ತೋರಿಸಬೇಕು. ನಕ್ಷತ್ರ ನನ್ನ ಕೈಯಲ್ಲಿರಲಿಲ್ಲ. ಚಂದ್ರನಿದ್ದ, ಹಗಲಿನಲ್ಲೂ ಇದ್ದ. ಹುಣ್ಣಿಮೆ ಕಳೆದ ಮೇಲಿನ ದಿನಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಪಡುವಣ ಗುಡ್ಡದ ಮೇಲೆ ಬೆಳ್ಳಗೆ, ತೊಳೆದ ಬಟ್ಟೆಯ ತುಂಡಿನ ಹಾಗೆ ಉಳಿದಿರುತ್ತಾನೆ. ಯಾರೂ ನೋಡುವುದಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಅವಳನ್ನು ನಿಲ್ಲಿಸಿಕೊಂಡು, ‘ಆ ಬಂಡೆಯ ನೆತ್ತಿ ಹಿಡಿ, ಅಲ್ಲಿಂದ ಮೆಲ್ಲಗೆ ಮೇಲೆ ಬಾ, ಇನ್ನೂ ಮೇಲೆ’ ಎಂದು ಹೇಳುತ್ತ ಹೋದೆ. ಅವಳ ನೋಟ ಎಲ್ಲೆಲ್ಲೋ ಅಲೆದು, ಕೊನೆಗೆ ಗಕ್ಕನೆ ನಿಂತಿತು. ಬಾಯಿ ಬಿಟ್ಟುಕೊಂಡು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು, ಮಕ್ಕಳ ಮುಂದೆ ಯಾಕೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅವತ್ತಿನಿಂದ ಹಗಲು ಚಂದ್ರ ಅವಳದೇ ಆಸ್ತಿ. ದಿನದಿನಕ್ಕೆ ಸವೆಯುತ್ತ, ಗುಡ್ಡ ಬಿಟ್ಟು ಮೇಲೆ ಸರಿಯುತ್ತ ಬರುವುದನ್ನು ಉಳಿದ ಮಕ್ಕಳಿಗೆ ಅವಳೇ ತೋರಿಸುತ್ತಿದ್ದಳು. ಒಂದು ದಿನ ಸೂರ್ಯನ ಕಡೆ ಒಂದು ಕೈ, ಚಂದ್ರನ ಕಡೆ ಒಂದು ಕೈ ಚಾಚಿ ನಿಂತು, ‘ಮೇಡಂ, ಅದು ಯಾವಾಗ್ಲೂ ಸೂರ್ಯನ ಕಡೆಗೇ ಮುಖ ಮಾಡ್ಕೊಂಡೈತೆ’ ಎಂದಳು. ಚಂದ್ರ ಬೆಳೆಯುವುದು, ಕರಗುವುದು ಎಲ್ಲದರ ಗುಟ್ಟು ಅಷ್ಟೇ. ಪುಸ್ತಕದಲ್ಲಿ ಅದನ್ನು ಇಷ್ಟು ಸರಳವಾಗಿ ಬರೆದಿರಲಿಲ್ಲ. ಹಾಗಾದರೆ ಹಗಲಿನಲ್ಲಿ ನಕ್ಷತ್ರ ಎಲ್ಲಿ ಹೋಗುತ್ತವೆ ಎಂದು ಕೇಳಿದಳು. ಎಲ್ಲೂ ಹೋಗುವುದಿಲ್ಲ, ಅಲ್ಲೇ ಇರುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಎಂದೆ.

‘ಹಂಗಾದ್ರೆ ಹಗಲೊತ್ತು ನೀವೂ ನನ್ನಂಗೇನಾ ಮೇಡಂ?’

ಹೌದು ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ಇಡೀ ದಿನ ಸಿಕ್ಕಸಿಕ್ಕವರಿಗೆಲ್ಲ ‘ಮೇಡಂಗೂ ಹಗಲೊತ್ತು ಕಾಣಲ್ಲಂತೆ’ ಎಂದು ಸಾರಿಕೊಂಡು ಬಂದಳು. ನನ್ನ ನೌಕರಿಯಲ್ಲಿ ಸುಖ ಎಂದು ಹೇಳಬಹುದಾದ ಕಾಲವಿದ್ದರೆ ಅದೇ, ಮತ್ತೆ ಅಂಥದ್ದು ಬರಲಿಲ್ಲ.

ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ಪುಸ್ತಕವನ್ನು ಮುಖಕ್ಕೆ ನೇರ ಹಿಡಿದು, ಒಂದೊಂದೇ ಪದ ನೋಡಿ ಓದುತ್ತಿದ್ದಳು. ಪಕ್ಕದಲ್ಲಿ ಕೂತವರು ಮಾತಾಡುವವರೆಗೆ ಅವರಿರುವುದು ತಿಳಿಯುತ್ತಿರಲಿಲ್ಲ. ಬೆರಳಿನಲ್ಲಿ ಮುಟ್ಟಿ ಓದುವುದನ್ನು ಕಲಿಸುವ ಒಂದು ಶಾಲೆಯ ವಿಚಾರ ತಿಳಿದು, ಹೋಗಿ ನೋಡಿ, ಮಾತಾಡಿ, ಅವಳಿಗೊಂದು ಜಾಗ ಗಟ್ಟಿ ಮಾಡಿಕೊಂಡು ಬಂದೆ. ಹಾಸ್ಟೆಲೂ ಅಲ್ಲೇ. ಇಷ್ಟು ಬುದ್ಧಿಯ ಹುಡುಗಿ ಓದಿ ಟೀಚರಾಗಬಹುದು, ನನಗಿಂತ ಒಳ್ಳೆಯ ಟೀಚರಾಗಬಹುದು ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಸುದ್ದಿ ಹೊತ್ತುಕೊಂಡು ಹಟ್ಟಿಗೆ ಹೋದರೆ ಅಂಗಳದಲ್ಲಿ ಚಪ್ಪರ ಹಾಕಲು ಗಾಡಿಯಿಂದ ಗಳ ಇಳಿಸುತ್ತಿದ್ದರು.

‘ಏನಿದು?’ ಎಂದು ಅವ್ವನನ್ನು ಕೇಳಿದೆ.

‘ನನ್ ತಮ್ಮಂಗೆ ಕೊಡ್ತಾ ಇದೀವಿ ಮೇಡಮ್ಮ.’

ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಜನರ ಮುಂದೆ ಕೂಗಾಡಿದೆ. ವಯಸ್ಸಾಗಿಲ್ಲ ಎಂದೆ, ಕಾನೂನು ಎಂದೆ, ಶಾಲೆ ಎಂದೆ. ಆಕೆ ನನ್ನ ರಟ್ಟೆ ಹಿಡಿದು ರೊಪ್ಪದ ಹಿಂದಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಹೇಳಿದ್ದು ಮರೆತೆಯಾ, ಮನೆಯವರಿಗೇ ಕೊಡಬೇಡ ಎಂದು ರಾಂಪುರದಲ್ಲಿ ನಿಂತು ಬಾಯಿ ಬಿಟ್ಟು ಹೇಳಿರಲಿಲ್ಲವಾ ಎಂದು ಕೇಳಿದೆ.

‘ಮರೆತಿಲ್ಲ ಕಣ್ರಿ. ಅದನ್ನ ಕೇಳಿದ್ ದಿನಾನೇ ಇದನ್ನ ತೀರ್ಮಾನ ಮಾಡ್ಕಂಡಿದ್ದು. ಕುರುಡಾಗ್ತಾಳೆ ಅಂತ ಗೊತ್ತಿದ್ದೂ ಹೊರಗಿನೋರಿಗೆ ಹೆಂಗ್ ಕೊಡ್ಲಿ? ಮುಚ್ಚಿಟ್ಟು ಕೊಟ್ರೆ, ಗೊತ್ತಾದ್ ದಿನ ಹೊರಗೆ ಹಾಕ್ತಾರೆ. ನನ್ ತಮ್ಮ ಎಲ್ಲಾ ತಿಳ್ಕಂಡೇ ಒಪ್ಪಿದಾನೆ. ಅವನು ಕೈ ಬಿಡಲ್ಲ.’

‘ಹುಟ್ಟೋ ಮಕ್ಕಳ ಗತಿ?’

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ‘ಡಾಕ್ಟ್ರು ಹೇಳಿದ್ದು ಇನ್ನೂ ಹುಟ್ಟದೇ ಇರೋ ಮಕ್ಕಳ ಮಾತು ಮೇಡಮ್ಮ. ನನ್ ಮಗಳು ಹುಟ್ಟಿ ಆಗೈತೆ.’

ನಾನು ಹಟ್ಟಿಯಿಂದ ಹೊರಟುಬಂದೆ. ಜೊತೆಯ ಟೀಚರುಗಳಿಗೆ ಹೇಳಿದೆ, ಮೇಲಿನ ಅಧಿಕಾರಿಗಳಿಗೆ ಹೇಳಿದೆ, ಹೆಡ್ಮಾಸ್ಟರ ಕಾಲು ಹಿಡಿಯುವುದೊಂದು ಬಾಕಿ. ವಿಚಾರಿಸಲು ಯಾರೋ ಬರುತ್ತಾರೆ ಎಂಬ ಸುದ್ದಿ ಹಟ್ಟಿಗೆ ಮುಟ್ಟುತ್ತಲೇ ಅವರು ಗಡಿ ದಾಟಿ ಆಂಧ್ರದ ಕಡೆಯ ಒಂದು ಗುಡಿಯಲ್ಲಿ ತಾಳಿ ಕಟ್ಟಿಸಿ ಬಂದರು. ಶಾಲೆಯಲ್ಲಿ ಗಟ್ಟಿ ಮಾಡಿದ್ದ ಜಾಗ ಇನ್ಯಾರಿಗೋ ಹೋಯಿತು. ಅವಳನ್ನು ಚಳ್ಳಕೆರೆ ಕಡೆಯ ಗಂಡನ ಹಟ್ಟಿಗೆ ಕರೆದುಕೊಂಡು ಹೋದರು, ನನಗೆ ಹೇಳಿ ಹೋಗಲೂ ಬಿಡಲಿಲ್ಲ.

ನಾನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ತಪ್ಪಾಗಿದ್ದರೆ ಮೇಲಾಗಿತ್ತು. ತಪ್ಪೆಂದರೆ ಅತ್ತು ಮುಗಿಸಬಹುದು. ಸರಿಯಾದದ್ದನ್ನೇ ಮಾಡಿ, ಸರಿಯಾದದ್ದನ್ನೇ ಹೇಳಿ, ಆ ಮಾತಿನಿಂದಲೇ ಆ ಮಗುವಿನ ಬದುಕು ಅತ್ತ ತಿರುಗಿದ್ದನ್ನು ನೋಡಿದವಳು ಯಾರ ಮೇಲೆ ಸಿಟ್ಟಾಗಬೇಕು? ಅವ್ವನ ಮೇಲೆ ಸಿಟ್ಟಾಗಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಚಳ್ಳಕೆರೆಗೆ ವರ್ಗವಾಯಿತು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳ ಆಡುತ್ತಿದ್ದೆ. ಹಿಂದಿನಿಂದ ‘ಮೇಡಂ’ ಎಂಬ ದನಿ. ತಿರುಗಿದರೆ ಅವಳು. ನನ್ನ ಗಂಟಲಿನಿಂದಲೇ ಗುರುತು ಹಿಡಿದಿದ್ದಳು. ಮುಖ ನನ್ನ ಕಡೆ ಇತ್ತು, ಕಣ್ಣು ನನ್ನನ್ನು ಹುಡುಕುತ್ತಿತ್ತು. ಗಂಡ, ಆ ಸೋದರಮಾವ, ಪಕ್ಕದಲ್ಲೇ ಇದ್ದ. ಅವಳ ಕೈ ಹಿಡಿದು ನನ್ನ ಕೈಯ ಮೇಲಿಟ್ಟು, ‘ಇಲ್ಲಿದ್ದಾರೆ ನೋಡು’ ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ, ನನಗೆ ಅವನ ಮೇಲಿದ್ದ ಕೋಪವೂ ಕೈಬಿಟ್ಟುಹೋಯಿತು. ಅವ್ವ ಹೇಳಿದ ಹಾಗೇ, ಅವನು ಕೈಬಿಟ್ಟಿರಲಿಲ್ಲ.

ಸೆರಗು ಹಿಡಿದು ಒಂದು ಹೆಣ್ಣುಮಗು ನಿಂತಿತ್ತು. ಶಾಲೆಗೆ ಸೇರುವ ವಯಸ್ಸಿಗೆ ಹತ್ತಿರ. ಅದರ ಕಣ್ಣು ದೊಡ್ಡವು, ಚೆಂದದವು. ಗಂಡ ಸಾಮಾನಿನ ಚೀಲ ಬಸ್ಸಿನ ಮೇಲೆ ಹಾಕಿಸಲು ಹೋದ. ಕೇಳಬಾರದು ಎಂದುಕೊಂಡೇ ಇದ್ದೆ, ನನ್ನ ಬಾಯಿ ಸುಮ್ಮನಿರಲಿಲ್ಲ. ‘ಮಗೂಗೆ?’ ಎಂದೆ.

‘ಗೊತ್ತಿಲ್ಲ ಮೇಡಂ’ ಎಂದಳು.

‘ಡಾಕ್ಟ್ರ ಹತ್ರ ಹೋಗ್ಲಿಲ್ವಾ?’

‘ಇಲ್ಲ.’ ಅವಳು ಮಗುವಿನ ತಲೆಯನ್ನು ತಡವಿ ತನ್ನ ಹೊಟ್ಟೆಗೆ ಒತ್ತಿಕೊಂಡಳು. ‘ಹೊತ್ತು ಮುಳುಗೋ ಮುಂಚೇನೇ ಒಳಗೆ ಕರ್ಕಂಡು ಬಾಗ್ಲು ಹಾಕ್ಬಿಡ್ತೀನಿ. ದೀಪ ಹಚ್ಚಿಟ್ಟು ಕತೆ ಹೇಳ್ತೀನಿ. ಇದುವರೆಗೂ ರಾತ್ರಿ ಹೊರಗೆ ಬಿಟ್ಟಿಲ್ಲ. ಬಿಟ್ರೆ ಗೊತ್ತಾಗಿಬಿಡ್ತೈತಲ್ಲ ಮೇಡಂ. ಗೊತ್ತಾದ್ ಮೇಲೆ ನಮ್ಮವ್ವ ಮಾಡಿದ್ದನ್ನೇ ನಾನೂ ಮಾಡ್ಬೇಕಾಗ್ತೈತೆ.’

ನನ್ನ ಕೈಯಲ್ಲಿ ಕಲಿತವರಲ್ಲಿ ಅವಳಷ್ಟು ಚೆನ್ನಾಗಿ ಆಕಾಶ ನೋಡಿದವರು ಇನ್ನೊಬ್ಬರಿಲ್ಲ. ಅವಳು ತನ್ನ ಮಗುವಿಗೆ ಆಕಾಶ ಬಚ್ಚಿಟ್ಟು ಸಾಕುತ್ತಿದ್ದಳು. ಬೇಡ ಎನ್ನಬೇಕಿತ್ತು. ಬೇಗ ತಿಳಿದರೆ ಓದಿಸಬಹುದು, ದಾರಿಯಿದೆ, ನಾನಿದ್ದೇನೆ ಎನ್ನಬೇಕಿತ್ತು. ಆ ಮಾತುಗಳನ್ನೆಲ್ಲ ಒಂದು ಸಲ ಹೇಳಿ ನೋಡಿದ್ದೆನಲ್ಲ.

ಬಸ್ಸು ಹೊರಡುವ ಹೊತ್ತಾಯಿತು. ಗಂಡ ಬಂದು ಅವಳನ್ನು ಹತ್ತಿಸಿದ. ಮಗುವನ್ನು ನಾನೇ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕದಲ್ಲಿ ಕೂರಿಸಿದೆ. ಹೊರಗೆ ಮಿಲ್ಲಿನ ಚಿಮಣಿಗಳ ಹಿಂದೆ ಬೆಳಕು ಮಂಕಾಗುತ್ತಿತ್ತು. ‘ಕತ್ತಲಾಗ್ತಾ ಬಂತಾ ಮೇಡಂ?’ ಎಂದು ಅವಳು ಗಾಬರಿಯಲ್ಲಿ ಕೇಳಿದಳು. ಮಗು ಕಂಬಿ ಹಿಡಿದುಕೊಂಡು ಹೊರಗೆ ಬಗ್ಗಲು ನೋಡಿತು. ನಾನು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಿಟಕಿಯ ತಗಡಿನ ಬಾಗಿಲನ್ನು ಕೆಳಗೆಳೆದು ಭದ್ರವಾಗಿ ಹಾಕಿದೆ.